ಎಣ್ಣೆ ಹಚ್ಚಿದ ಕುತ್ತಿಗೆ

ಪಟಾಕಿ ಎಂದರೆ ನಮ್ಮ ನಾಯಿಗೆ ಜೀವ ಬಾಯಿಗೆ ಬರುತ್ತಿತ್ತು. ಹಿಂದಿನ ದೀಪಾವಳಿಯಲ್ಲಿ ಮಂಚದಡಿ ಸೇರಿ ಎರಡು ದಿನ ಅನ್ನ ಮುಟ್ಟಿರಲಿಲ್ಲ. ಹಾಗಾಗಿ ಆ ಸಲ ನಾನು ಪಶುವೈದ್ಯರನ್ನು ಕೇಳಿಯೇ ಸಜ್ಜಾದೆ. ಒಳಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದೆ. ಹೊರಗಿನ ಸದ್ದು ಮುಚ್ಚಲೆಂದು ಟಿ.ವಿ.ಯನ್ನು ಅಲ್ಲಿಗೇ ತಂದಿಟ್ಟೆ. ಹೊಸ ಬೆಲ್ಟಿನ ಮೇಲೆ ನನ್ನ ಫೋನ್ ನಂಬರ್ ಬರೆದು ನಾಯಿಯ ಕುತ್ತಿಗೆಗೆ ಹಾಕಿದೆ. ನಮ್ಮ ಮನೆ ತಲ್ಲೂರಿನಲ್ಲಿ, ಹೆದ್ದಾರಿಗೆ ಕೂಗಳತೆಯಲ್ಲಿ. ನಾಯಿ ಹೆದರಿ ಓಡಿದರೆ ಲಾರಿಯಡಿಗೇ ಎಂಬುದು ಗೊತ್ತಿತ್ತು.

ಚತುರ್ದಶಿಯ ಬೆಳಿಗ್ಗೆ ನಾನು ಹಾಲು ತರಲು ಹೋಗಿ ಬರುವಷ್ಟರಲ್ಲಿ ಅಮ್ಮ ನಾಯಿಯನ್ನು ಬಚ್ಚಲಿಗೆ ಕರೆದೊಯ್ದು, ತಲೆಯಿಂದ ಬಾಲದವರೆಗೆ ತೆಂಗಿನೆಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಬೆಲ್ಟನ್ನೂ ಮತ್ತೆ ಹಾಕಿದ್ದಳು.

“ಅದ್ಕ್ ಎಂತಕ್ಕೆ ಎಣ್ಣಿ?” ಎಂದೆ.

“ಮನಿಯರಿಗೆಲ್ಲ ಹಚ್ಚಿ ಅದನ್ನೊಂದ್ ಬಿಡೂಕಾತ್ತಾ ಮಗಾ? ಹಬ್ಬ ಅಲ್ದಾ?”

ನಕ್ಕುಬಿಟ್ಟೆ. ಕೋಣೆಗೆ ಸೇರಿಸುವ ಮೊದಲು ಒಂದಕ್ಕೆ ಮಾಡಿಸೋಣವೆಂದು ಸರಪಳಿ ಹಿಡಿದು ನಾಯಿಯನ್ನು ಅಂಗಳಕ್ಕೆ ತಂದೆ. ಪಕ್ಕದ ಮನೆಯವರು ಆಗಲೇ ಗರ್ನಾಲು ಪಟಾಕಿ ಹೊಡೆಯಬೇಕೇ! ನಾಯಿ ಒಮ್ಮೆ ಹಿಂದಕ್ಕೆ ಜಗ್ಗಿತು. ಎಣ್ಣೆಯ ಕುತ್ತಿಗೆ ಬೆಲ್ಟಿನಿಂದ ಸಲೀಸಾಗಿ ಜಾರಿತು, ನಾಯಿ ಬೇಲಿ ನುಸುಳಿ ಹೋಯಿತು. ನಂಬರ್ ಬರೆದ ಬೆಲ್ಟು ನನ್ನ ಕೈಯಲ್ಲಿ. ಇನ್ನು ಯಾರು ಯಾರಿಗೆ ಫೋನ್ ಮಾಡುವುದು, ಕರ್ಮ!

“ಹ್ವಾಯ್, ನಮ್ ನಾಯಿ ಕಂಡ್ರ್ಯಾ?” ಎಂದು ಮನೆಮನೆ ಕೇಳಿದೆ. ಹೆದ್ದಾರಿಯ ಅಂಚಿನಲ್ಲಿ ನಡೆಯುತ್ತ ಬಿದ್ದ ಗೋಣಿಚೀಲವನ್ನೂ ಬಗ್ಗಿ ನೋಡಿದೆ. ಬರಿಗೈಲಿ ಮನೆಗೆ ಬಂದವನು ಅಮ್ಮನಿಗೆ ಅಂದೆ, “ಅದ್ ಸತ್ರೆ ನಿನ್ನಿಂದ್ಲೇ.”

ಅಮ್ಮ ನಾಯಿಯ ತಟ್ಟೆಗೆ ಅನ್ನ ಹಾಕಿಟ್ಟಳು. ಮರುದಿನ ಅದನ್ನು ಚೆಲ್ಲಿ ಬೇರೆ ಹಾಕಿದಳು.

ಮೂರನೆಯ ದಿನ ಬಲಿಪಾಡ್ಯ. ಸಂಜೆ ಗದ್ದೆಗೆ ದೀಪ ಇಟ್ಟು ಬಲೀಂದ್ರನನ್ನು ಕರೆಯಬೇಕು, ಕೊನೆಗೆ ಉದ್ದಕ್ಕೆ “ಕೂ” ಎನ್ನಬೇಕು. ನಮ್ಮ ಮನೆಯಲ್ಲಿ ಕೂಗುವವನು ನಾನೇ. ಅವತ್ತು ದೀಪದ ತಟ್ಟೆಯನ್ನು ಅಮ್ಮನ ಕೈಗಿತ್ತು ಹಿಂದೆ ಸರಿದೆ. ಅಮ್ಮನೇ ಕೂಗಿದಳು. ದಿನಾ ಮಧ್ಯಾಹ್ನ ಅಡುಗೆಮನೆ ಮೆಟ್ಟಿಲಲ್ಲಿ ನಿಂತು ಅವಳು ನಾಯಿಯನ್ನು ಅನ್ನಕ್ಕೆ ಕರೆಯುವುದೂ ಅದೇ “ಕೂ”ವಿನಲ್ಲಿ ಎಂಬುದು ಆಗ ನನಗೆ ನೆನಪೇ ಇರಲಿಲ್ಲ.

ಎರಡು ಗದ್ದೆಯಾಚೆಯ ಪಂಪ್‌ಶೆಡ್ಡಿನ ಸಂದಿಯಿಂದ ನಾಯಿ ಹೊರಬಂತು. ಮೈಯೆಲ್ಲ ಕೆಸರು. ನನ್ನನ್ನು ದಾಟಿ ಹೋಗಿ ಅಮ್ಮನ ಕಾಲಬುಡದಲ್ಲಿ ಮಲಗಿತು. ನನಗೆ ಅಳು ಬಂತು, ನಾಚಿಕೆಯೂ ಆಯಿತು.

“ಅಮ್ಮಾ, ನಾನ್ ಅವತ್ತ್...” ಎಂದೆ.

“ಮೊದ್ಲ್ ಅದ್ಕ್ ಅನ್ನ ಹಾಕ್,” ಎಂದಳು.

ಆ ಮಾತು ಅಲ್ಲಿಗೇ ನಿಂತಿತು. ಮರುವರ್ಷ ಚತುರ್ದಶಿಯಂದು ಅಮ್ಮ ನನ್ನ ತಲೆಗೆ ಎಣ್ಣೆ ತಟ್ಟಿದಳು. ನಾಯಿ ತನ್ನ ಸರದಿಗೆಂದು ಬಚ್ಚಲ ಬಾಗಿಲಲ್ಲಿ ಬಾಲ ಆಡಿಸುತ್ತ ನಿಂತಿತ್ತು. ಅಮ್ಮ ಅದರ ಕಡೆ ನೋಡದೆ, ಎಣ್ಣೆ ಬಟ್ಟಲನ್ನು ಎತ್ತಿ ಒಳಗಿಟ್ಟಳು.