ಯಹ್ಯಾನ ಹೆಸರಿನ ಅರವಟ್ಟಿಗೆ

ತಿಹಾಮಾ ಬಯಲಿನಲ್ಲಿ ಜುಮಾನ್ ಮುದುಕನ ಅರವಟ್ಟಿಗೆಗೆ ಹೆಸರಿತ್ತು. ರಸ್ತೆ ಬದಿಯ ಚಪ್ಪರದಡಿ ಕುಡಿಯುವ ನೀರಿನ ಒಂದು ಮಣ್ಣಿನ ಹರವಿ, ಒಂದು ತಗಡಿನ ಲೋಟ. ಹಿಂದೊಮ್ಮೆ ನೆರೆಯಲ್ಲಿ ಕೊಚ್ಚಿಹೋದ ಮಗ ಯಹ್ಯಾನ ಹೆಸರಿನಲ್ಲಿ ಇಟ್ಟಿದ್ದು. ಕುಡಿದವರು 'ದೇವರು ಯಹ್ಯಾನಿಗೆ ದಯೆ ತೋರಲಿ' ಎಂದರೆ ಪುಣ್ಯ ಮಗನಿಗೆ ಸಲ್ಲುತ್ತದೆ. ಜುಮಾನನಿಗೆ ಉಳಿದಿದ್ದ ವ್ಯಾಪಾರ ಅದೊಂದೇ. ಅವನಷ್ಟು ಕಾತರದಿಂದ ಗಿರಾಕಿ ಕಾಯುವವನು ಪೇಟೆಯಲ್ಲೂ ಇರಲಿಲ್ಲ.

ಈ ವರ್ಷ ಮತ್ತೆ ನೆರೆ ಬಂತು. ರಸ್ತೆ ಕಿತ್ತುಹೋಯಿತು, ಊರಿನ ಹೊಲಸೆಲ್ಲ ಬಾವಿ ಸೇರಿತು, ಬೆನ್ನಿಗೇ ವಾಂತಿಭೇದಿ. ಆರೋಗ್ಯ ಡೇರೆಯ ಇಶ್ರಾಖ್ ಬಂದು ಹರವಿಗೆ ಕ್ಲೋರಿನ್ ಗುಳಿಗೆ ಹಾಕಿ, ಉಳಿದವನ್ನು ಜುಮಾನನ ಕೈಗಿಟ್ಟಳು. "ದಿನಾ ಹಾಕು ಕಾಕಾ, ಮರೀಬೇಡ."

ಮೊದಲು ಬಂದವನು ಹಣ್ಣಿನ ಗಾಡಿಯ ಶೂಯಿ. ಒಂದು ಗುಟುಕು ಕುಡಿದು ಉಗಿದ. "ಏನ್ ಕಾಕಾ, ಮಗನ ಹೆಸರಿಗೆ ಬಟ್ಟೆ ಒಗೆದ ನೀರೇ ಸಿಕ್ತಾ? ಸತ್ತವನೂ ಮೂಗು ಮುಚ್ಕೋತಾನೆ!"

ಹರಕೆಯ ಮಾತಿಲ್ಲ. ಹಿಂದೆ ಬಂದವರೂ ಮೂಸಿ ನೋಡಿ ನಡೆದರು. ಸಂಜೆಗೂ ಹರವಿ ತುಂಬಿಕೊಂಡೇ ಇತ್ತು.

"ದಾರಿಹೋಕರಿಗೆ ನಾತದ ನೀರು ಕೊಟ್ಟವರು ನಮ್ಮಲ್ಲಿಲ್ಲ," ಎಂದಳು ಹೆಂಡತಿ ಗಾಲಿಯಾ. "ಅಲ್ಲಿ ಮಗ ಬಾಯಾರಿ ಕೂತಿರ್ತಾನೆ."

ಜುಮಾನ್ ಆ ನೀರು ಚೆಲ್ಲಿದ. ವಾಡಿಕೆಯಂತೆ ಹರವಿಯೊಳಗೆ ಧೂಪದ ಹೊಗೆ ಹಿಡಿದು, ಬಾವಿಯ ನೀರು ತುಂಬಿದ. ಗುಳಿಗೆಗಳು ಜೇಬಿನಲ್ಲೇ ಉಳಿದವು. ಮರುದಿನ ಶೂಯಿ ಲೋಟದ ಮೇಲೆ ಲೋಟ ಏರಿಸಿ ಬಾಯ್ತುಂಬ ಹರಸಿದ. ಜನ ಸಾಲುಗಟ್ಟಿದರು. ಇಶ್ರಾಖ್ ಕೇಳಿದರೆ, "ಹಾಕ್ದೆ ಮಗಳೇ." ಬರಿದಾದ ಹರವಿ ಕಂಡು ಅವಳಿಗೂ ಖುಷಿ.

ಶೂಯಿಯನ್ನು ಅವನ ಗಾಡಿಯಲ್ಲೇ ಡೇರೆಗೆ ತಂದರು. ಅದರಲ್ಲೇ ವಾಪಸು ಒಯ್ದರು, ಮುಖಕ್ಕೂ ಹೊದಿಕೆ ಎಳೆದು. ಆಮೇಲೆ ಗಾಲಿಯಾ ಅದೇ ಡೇರೆಯಲ್ಲಿ ಮಲಗಿದಳು. ಸಲೈನ್ ತರುವ ಲಾರಿ ಕಿತ್ತುಹೋದ ರಸ್ತೆಯಾಚೆ ನಿಂತಿತ್ತು.

"ಬಾಯಿಂದಲೇ ಕುಡಿಸ್ತಿರು, ಬೇರೆ ದಾರಿ ಇಲ್ಲ," ಎಂದಳು ಇಶ್ರಾಖ್. "ಗುಳಿಗೆ ಹಾಕಿದ ನೀರು ತಾನೇ?"

ಜುಮಾನ್ ಅರವಟ್ಟಿಗೆಗೆ ಓಡಿದ. ಹರವಿ ಹೊಸದಾಗಿ ತುಂಬಿಸಿ, ಗುಳಿಗೆ ಹಾಕಿ, ಕರಗುವವರೆಗೆ ಕಾದು, ಲೋಟ ತುಂಬಿ ತಂದ.

ಗಾಲಿಯಾಳ ಕಣ್ಣು ಗುಳಿಬಿದ್ದಿದ್ದರೂ ಮೂಗು ಚುರುಕಾಗಿತ್ತು. "ಥೂ. ನಮ್ಮ ಹರವೀದು ತಾ. ಯಹ್ಯಾಂದು."

"ಇದು ಅದೇ ಕಣೇ."

ಇಷ್ಟು ದಿನದಲ್ಲಿ ಆ ನೀರಿನ ಬಗ್ಗೆ ಅವನು ಆಡಿದ ಮೊದಲ ನಿಜ. ಅವಳು ನಂಬಲಿಲ್ಲ, ತುಟಿ ಬಿಗಿದು ಮುಖ ಆಚೆ ತಿರುಗಿಸಿದಳು.