ನನ್ನ ಹೆಸರಲ್ಲಿ ಇಟ್ಟ ಎಡೆ

ನನ್ನ ಗಂಡನಿಗೆ ಎಡೆ ಇಟ್ಟವರು ನನ್ನ ನಾದಿನಿ ಮತ್ತು ನನ್ನ ಮಗ. ನನಗೆ ಗೊತ್ತಾಗದ ಹಾಗೆ ಇಟ್ಟರು. ಇಟ್ಟು, ಅದನ್ನು ನಾನೇ ಇಡಿಸಿದೆ ಎಂದು ನೆಂಟರಿಗೆಲ್ಲ ಹೇಳಿದರು. ಆದದ್ದು ಇಷ್ಟೇ. ಈಗ ಅದಕ್ಕೆ ಭಕ್ತಿ, ಪ್ರೀತಿ, ನಾದಿನಿಗೆ ತನ್ನ ಮಗಳ ಮೇಲಿನ ಸಂಕಟ ಎಂದು ಬೇರೆ ಬೇರೆ ಹೆಸರು ಕೊಡುತ್ತಿದ್ದಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೆ ಗೊತ್ತಿರುವ ಹೆಸರು ಮೋಸ.

ನಮ್ಮವರು ಲೈನ್‌ಮ್ಯಾನ್ ಆಗಿದ್ದರು. ಬೇಲೂರಲ್ಲಿ ಸ್ವಲ್ಪ ದಿನ, ಬಿಕ್ಕೋಡಿನಲ್ಲಿ ಬಹಳ ದಿನ, ಕೊನೆಗೆ ಹಳೇಬೀಡು. ಬಸ್ತಿಹಳ್ಳಿ ರಸ್ತೆಯಲ್ಲಿ ಒಂದು ಮನೆ ಕಟ್ಟಿಕೊಂಡೆವು. ಮೇಸ್ತ್ರಿ ಅವನ ಪಾಡಿಗೆ ಅವನು ಅಡುಗೆಮನೆ ಪಕ್ಕದಲ್ಲಿ ದೇವರಿಗೆಂದು ಒಂದು ಗೂಡು ಬಿಟ್ಟಿದ್ದ. ಅದರಲ್ಲಿ ನಾವು ಮಾತ್ರೆ, ಟಾರ್ಚು, ರೇಷನ್ ಕಾರ್ಡು ಇಟ್ಟೆವು. ಆಯುಧಪೂಜೆಯ ದಿನ ಆಫೀಸಿನವರೆಲ್ಲ ತಮ್ಮ ಕಟಿಂಗ್ ಪ್ಲೇಯರ್‌ಗೆ ಕುಂಕುಮ ಹಚ್ಚಿದರೆ ಇವರು ತಮ್ಮದಕ್ಕೆ ಎಣ್ಣೆ ಬಿಟ್ಟು ಒರೆಸುತ್ತಿದ್ದರು. ಯಾರ ಹತ್ತಿರವೂ ಜಗಳ ಆಡಿದವರಲ್ಲ. ಮಂಗಳಾರತಿ ತಟ್ಟೆ ಬಂದರೆ, 'ಮುಂದಕ್ಕೆ ಹೋಗಲಿ' ಅನ್ನುತ್ತಿದ್ದರು, ಅಷ್ಟೇ.

ಮದುವೆಯಾಗಿ ಬಂದಾಗ ನಾನು ಎಲ್ಲರ ಹಾಗೆಯೇ ಇದ್ದೆ. ಸೋಮವಾರ ಒಪ್ಪೊತ್ತು, ಶುಕ್ರವಾರ ಹೊಸಲಿಗೆ ಅರಿಶಿನ. ನಮ್ಮ ಮೊದಲ ಮಗು ಹುಟ್ಟುವಾಗಲೇ ಹೋಯಿತು. ಬಿಕ್ಕೋಡಿನ ಬಾಡಿಗೆ ಮನೆಗೆ ನೆಂಟರು ಬಂದು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಮನೆದೇವರಿಗೆ ನಡೆದುಕೊಂಡಿಲ್ಲ, ಗ್ರಹಣದಲ್ಲಿ ಹೊರಗೆ ಬಂದಿದ್ದಾಳೆ, ಹುಣಸೆಮರದ ಕೆಳಗೆ ಹೋಗಿದ್ದಾಳೆ. ಎಲ್ಲ ಕಾರಣಗಳ ಬುಡದಲ್ಲೂ ತಪ್ಪು ನನ್ನದೇ. ಅವರೆಲ್ಲ ಹೋದ ಮೇಲೆ ಇವರು ಹೇಳಿದರು, "ಬೇಲೂರಿಗೆ ಹೋಗಕ್ಕೆ ಜೀಪು ಸಿಗೋದು ತಡ ಆಯ್ತು ಕಣೇ. ಅದೇ ಕಾರಣ. ನಿಂದೇನೂ ಇಲ್ಲ." ಅವತ್ತಿನಿಂದ ನಾನು ಅವರ ಕಡೆ. ಇದರಲ್ಲಿ ದೊಡ್ಡ ವಿಚಾರ ಏನೂ ಇಲ್ಲ. ಒಬ್ಬರು ನಿಜ ಹೇಳಿದರು, ನಾನು ಅವರ ಜೊತೆ ನಿಂತೆ.

ದೇವರಿಲ್ಲದ ಮನೆ ಎಂದು ನಮ್ಮನ್ನು ಆಡಿಕೊಳ್ಳುತ್ತಿದ್ದವರೇ ಕಷ್ಟಕ್ಕೆ ಬರುತ್ತಿದ್ದುದು ಈ ಮನೆಗೆ. ಬಾಣಾವರದಲ್ಲಿರುವ ಭಾವ, ಅಂದರೆ ನಮ್ಮವರ ಅಣ್ಣ, ಎರಡು ಕಣ್ಣಿಗೂ ಆಪರೇಷನ್ ಮಾಡಿಸಿಕೊಂಡು ನಮ್ಮ ಮನೆಯಲ್ಲೇ ಮಲಗಿದ್ದರು. ಹೊತ್ತಿಗೆ ಸರಿಯಾಗಿ ಕಣ್ಣಿಗೆ ಡ್ರಾಪ್ಸ್ ಬಿಟ್ಟವಳು ನಾನು. ನಾದಿನಿ ಗಂಡ ಸತ್ತ ಮೇಲೆ ಹತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಬಂದವಳು ಹೋಗಲಿಲ್ಲ, ನಾವೂ ಹೋಗು ಅನ್ನಲಿಲ್ಲ. ತನ್ನ ಕೋಣೆಯ ಗೋಡೆ ತುಂಬ ದೇವರ ಫೋಟೋ ಹಾಕಿಕೊಂಡಳು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಅವಳಿಗೆ ಹೂವು, ಬಾಳೆಕಂಬ ತಂದುಕೊಡುತ್ತಿದ್ದವರು ನಮ್ಮವರೇ. ಆ ಹುಡುಗಿಯನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟರು. ಓದಿಸಿದರು. ಅರಸೀಕೆರೆಗೆ ಕೊಟ್ಟು ಮದುವೆ ಮಾಡಿದರು. ಅವರು ದೇವಸ್ಥಾನದ ಒಳಗೆ ಹೋಗಿ ಕೂತದ್ದು ಅದೊಂದೇ ಸಲ. ಬೀಗರು ಅಲ್ಲೇ ಮದುವೆ ಆಗಬೇಕು ಎಂದಿದ್ದರು.

ಸಾಯುವುದಕ್ಕೆ ಮೊದಲು ಹಾಸನದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ನಾನು, ಮಗ, ನಾದಿನಿ ಮೂರೂ ಜನ ಮಂಚದ ಹತ್ತಿರ ಇದ್ದಾಗ ಒಂದು ಮಧ್ಯಾಹ್ನ ಹೇಳಿದರು, "ನನ್ನನ್ನ ತೋಟದಲ್ಲಿ ಹೂತುಬಿಡಿ. ಹಾಲು ತುಪ್ಪ, ತಿಥಿ ಏನೂ ಬ್ಯಾಡ. ಎಡೆಗಿಡೆ ಇಡಬ್ಯಾಡಿ. ಬದುಕಿದ್ದಾಗ ಹಾಕಿದ್ದು ತಿಂದಿವ್ನಿ, ಸಾಕು." ನಾನು ಸರಿ ಅಂದೆ. ಅವರಿಬ್ಬರೂ ತಲೆ ಆಡಿಸಿದರು. ನಾನು ನೋಡಿದ್ದೇನೆ.

ಹಾಗೆಯೇ ಮಾಡಿದೆ. ಮಣ್ಣು ಮಾಡಿದ ದಿನ ನೆಂಟರು ಏನೇನೋ ಅಂದರು. ಒಬ್ಬಳು ನನಗೆ ಕೇಳಲಿ ಎಂದೇ, "ಕರೆಂಟ್ ಕಂಬ ನೆಟ್ಟಂಗೆ ನೆಟ್ಬುಟ್ರು" ಅಂದಳು. ಕೇಳಿಸಿಕೊಂಡೆ. ಮಗ ತಲೆ ಬೋಳಿಸಲಿಲ್ಲ. ಭಾವ ಮಾತ್ರ, "ಅವನು ಹೇಳವ್ನೆ, ಅವಳು ಒಪ್ಪವ್ಳೆ. ನಮ್ದೇನೈತೆ" ಎಂದು ಎಲ್ಲರ ಬಾಯಿ ಮುಚ್ಚಿಸಿದರು. ನಮ್ಮವರ ಬಟ್ಟೆಗಳನ್ನು ಬೇಕಾದವರಿಗೆ ಕೊಟ್ಟೆ. ಒಂದು ಖಾಕಿ ಅಂಗಿ ಮಾತ್ರ ಇಟ್ಟುಕೊಂಡೆ. ಹುಲ್ಲು ಕೊಯ್ಯಲು ಹೋಗುವಾಗ ಸೀರೆಯ ಮೇಲೆ ಹಾಕಿಕೊಳ್ಳುವುದಕ್ಕೆ ದಪ್ಪ ಬಟ್ಟೆ ಬೇಕು, ಅದಕ್ಕೆ.

ಈ ಸಲ ವರ್ಷ ತುಂಬಿತು. ಸೊಸೆ ಎರಡನೇ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮೊಮ್ಮಗಳು ನನ್ನ ಜೊತೆ ಇದ್ದಳು. ಭಾನುವಾರ ಬೆಳಿಗ್ಗೆ ಮಗ ನಾದಿನಿಯನ್ನು ಹೊರಡಿಸಿಕೊಂಡು, "ಅತ್ತೆ ಮಂಡಿ ತೋರಿಸ್ಕೊಂಡು ಬತ್ತೀನಿ ಕಣವ್ವ. ಅರಸೀಕೆರೆಗೆ ಮೂಳೆ ಡಾಕ್ಟ್ರು ಭಾನುವಾರ ಮಾತ್ರ ಬರೋದು" ಅಂದ. ಹೋಗಿ ಬನ್ನಿ ಅಂದೆ. ದಾರಿಯಲ್ಲಿ ತಿನ್ನಲಿ ಎಂದು ಆರು ರೊಟ್ಟಿ ಸುಟ್ಟು ಕಟ್ಟಿಕೊಟ್ಟೆ. ಆ ರೊಟ್ಟಿ ನೆನಪಾದರೆ ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಆ ದಿನ ಹುಲ್ಲಿಗೆ ಹೋಗೋಣವೆಂದರೆ ಅಂಗಿ ಇರಲಿಲ್ಲ. ಸಂಜೆ ಬಂದ ನಾದಿನಿಯನ್ನು ಕೇಳಿದೆ. "ಕೊಳೆ ಆಗಿತ್ತು ಕಣತ್ಗೆ, ಒಗೆಯಕ್ಕೆ ಹಾಕಿದ್ದೆ" ಅಂದಳು. ಮಾರನೆಯ ದಿನ ಅಂಗಿ ಮೊಳೆಯ ಮೇಲಿತ್ತು. ಇಸ್ತ್ರಿ ಮಾಡಿತ್ತು. ಹುಲ್ಲು ಕೊಯ್ಯುವ ಅಂಗಿಗೆ ಯಾರು ಇಸ್ತ್ರಿ ಮಾಡುತ್ತಾರೆ? ಸಾಂಬ್ರಾಣಿ ವಾಸನೆ ಬರುತ್ತಿತ್ತು. ಅವಳ ಕೋಣೆಯಲ್ಲಿ ದಿನಾ ಹೊಗೆ ಹಾಕುತ್ತಾಳಲ್ಲ, ಅಲ್ಲೇ ಇತ್ತೇನೋ ಎಂದುಕೊಂಡು ಹಾಕಿಕೊಂಡು ಹೋದೆ. ಬೇರೆ ಮನೆಯ ಹೆಂಗಸಾಗಿದ್ದರೆ ಮೂಗಿಗೆ ಬಿದ್ದ ತಕ್ಷಣ ಎಡೆಯ ವಾಸನೆ ಎಂದು ಹಿಡಿಯುತ್ತಿದ್ದಳು. ನನಗೆ ಮೂವತ್ತೈದು ವರ್ಷದಿಂದ ಆ ಅಭ್ಯಾಸವೇ ತಪ್ಪಿಹೋಗಿತ್ತು. ಸತ್ತವರ ಬಟ್ಟೆ ಮಡಿಸಿಟ್ಟು, ಮುಂದೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದೆಲ್ಲ ಬಡಿಸಿ ಬಾಗಿಲು ಮುಚ್ಚುತ್ತಾರೆ ಎನ್ನುವುದು ನೆನಪಿಗೇ ಬರಲಿಲ್ಲ.

ಬುಧವಾರ ಹಳೇಬೀಡು ಬಸ್‌ಸ್ಟ್ಯಾಂಡಿನಲ್ಲಿ ನಮ್ಮವರ ದೊಡ್ಡಪ್ಪನ ಸೊಸೆ ಸಿಕ್ಕಳು. ಬಾಣಾವರದವಳು. ನನಗೆ ಓರಗಿತ್ತಿ ಆಗಬೇಕು. ನನ್ನ ಕೈ ಹಿಡಿದುಕೊಂಡಳು.

"ಜ್ವರ ಬಿಡ್ತಾ ಅಕ್ಕ? ಭಾನುವಾರ ನೀವು ಬರ್ನಿಲ್ವಲ್ಲ ಅಂತ ಎಲ್ರೂ ಕೇಳ್ತಿದ್ರು."

"ಎಲ್ಲಿಗೆ?"

"ಎಡೆಗೆ ಕಣಕ್ಕ. ಚೆನ್ನಾಗ್ ಮಾಡ್ಸಿದ್ರಿ ಬುಡಿ. ಅಂಗಿ ನೀವೇ ಮಡಿಸಿ ಕಳ್ಸಿದ್ರಂತೆ. ನಮ್ಮತ್ತೆ ಅಂದ್ರು, ಈಗ್ಲಾದ್ರೂ ಬುದ್ಧಿ ಬಂತಲ್ಲ ಅಂತ. ತಪ್ಪು ತಿಳ್ಕೋಬ್ಯಾಡಿ."

ಅವಳೇ ಹೇಳುತ್ತ ಹೋದಳು. ಭಾವನ ಮನೆಯ ನಡುಮನೆಯಲ್ಲಿ ಇಟ್ಟರಂತೆ. ಮುದ್ದೆ, ಮಾಂಸದ ಸಾರು, ಒಡೆ, ಕಜ್ಜಾಯ. ಪಕ್ಕದಲ್ಲಿ ಒಂದು ಕ್ವಾರ್ಟರ್ ಬ್ರಾಂದಿ, ಒಂದು ಕಟ್ಟು ಬೀಡಿ. ಅವರು ಬೀಡಿ ಬಿಟ್ಟು ಹದಿನೆಂಟು ವರ್ಷ ಆಗಿತ್ತು. ಬಿಡುವಾಗ ಪಟ್ಟ ಪಾಡು ನನಗೆ ಗೊತ್ತು. ಸತ್ತ ಮೇಲೆ ಮತ್ತೆ ಹಿಡಿಸಿದರು.

"ನನ್ಗೆ ಜ್ವರ ಬಂದಿರ್ಲಿಲ್ಲ" ಎಂದಷ್ಟೇ ಹೇಳಿ ಮನೆಗೆ ಬಂದೆ.

ನಾದಿನಿ ಹಿತ್ತಲ ಬಾಗಿಲಲ್ಲಿ ಕಾಲು ಚಾಚಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ಎದುರಿಗೆ ಕೂತೆ. ನಾನೂ ನಾಲ್ಕು ಕಾಳು ಹಿದುಕಿದೆ.

"ಭಾನುವಾರ ಡಾಕ್ಟ್ರು ಏನಂದ್ರು?"

"ಮಂಡಿ ಸವೆದೈತೆ ಅಂದ್ರು."

"ಎಷ್ಟು ಒಡೆ ತಿಂದ್ರು?"

ಅವಳ ಕೈ ನಿಂತಿತು. ಆಮೇಲೆ ಅಳುವುದಕ್ಕೆ ಶುರು ಮಾಡಿದಳು. ಅಳು ಮುಗಿಯಲಿ ಎಂದು ಕಾದೆ.

"ನನ್ ಮಗಳಿಗೆ ಮದ್ವೆ ಆಗಿ ಐದು ವರ್ಷ ಆಯ್ತು ಅತ್ಗೆ. ಮಡ್ಲು ತುಂಬ್ನಿಲ್ಲ. ಅವಳತ್ತೆ ದಿನಾ ಚುಚ್ಚಿ ಮಾತಾಡ್ತಾಳೆ. ಶಾಸ್ತ್ರ ಕೇಳ್ದೆ. ತಾಯಿ ತವರಲ್ಲಿ ಒಬ್ರು ಹಿರೇರು ಹಸ್ಕೊಂಡು ನಿಂತವ್ರೆ, ಅದೇ ಅಡ್ಡ ಅಂದ್ರು."

"ಯಾರು ಹಸ್ಕೊಂಡಿರೋದು? ನಿಮ್ಮಣ್ಣಾನಾ?"

ತಲೆ ಆಡಿಸಿದಳು.

ಎಡೆ ಇಟ್ಟದ್ದಕ್ಕಿಂತ ಇದು ನನಗೆ ಹೆಚ್ಚು ಚುಚ್ಚಿತು. ಹುಡುಗಿ ಸೈಕಲ್ ಕಂಬಿಯ ಮೇಲೆ ಕೂತರೆ ತೊಡೆ ನೋಯುತ್ತದೆ ಎಂದು ಟವಲು ಸುತ್ತಿ ಕೂರಿಸುತ್ತಿದ್ದ ಮನುಷ್ಯ, ಈಗ ಒಂದು ಮುದ್ದೆಯ ಆಸೆಗೆ ಅವಳ ಹೊಟ್ಟೆಗೆ ಅಡ್ಡ ನಿಂತಿದ್ದಾನಂತೆ. ಇದನ್ನು ಹೊರಗಿನವರು ಹೇಳಿದ್ದರೆ ಬಿಡಿ. ಅವರ ಅನ್ನ ತಿಂದ ತಂಗಿಯೇ ನಂಬಿದಳು.

"ಅಳಿಯಂದ್ರಿಗೂ ಟೆಸ್ಟ್ ಮಾಡ್ಸಿ ಅಂತ ಎರಡು ವರ್ಷದಿಂದ ಹೇಳ್ತಾ ಇವ್ನಿ" ಅಂದೆ. "ಬದುಕಿರೋ ಗಂಡಸನ್ನ ಕೇಳಕ್ಕೆ ನಾಚಿಕೆ. ಸತ್ತಿರೋನ ಮೇಲೆ ಹೊರಿಸೋದು ಸಲೀಸು."

"ಕೇಳಿದ್ರೆ ನೀವು ಬ್ಯಾಡ ಅಂತಿದ್ರಿ."

"ಅಂತಿದ್ದೆ. ಆಮೇಲೂ ನೀನು ಮಾಡಬಹುದಿತ್ತು. ನಿಮ್ಮಣ್ಣ, ನಿನ್ನ ಮಗಳು. ಜಗಳ ಆಡ್ತಿದ್ದೆ, ಸುಮ್ನಾಗ್ತಿದ್ದೆ. ನನ್ನ ಹೆಸರು ಯಾಕೆ ಬೇಕಿತ್ತು?"

ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದಳು, "ದೊಡ್ಡಣ್ಣ ಬುಡ್ನಿಲ್ಲ ಕಣತ್ಗೆ. ಅವಳು ಒಪ್ಪವ್ಳಾ ಅಂತ ಕೇಳ್ದ. ಅವಳು ಒಪ್ದೆ ನನ್ನ ಮನೇಲಿ ಎಲೆ ಹಾಕಕ್ಕಿಲ್ಲ ಅಂದ. ಅದಕ್ಕೇ..."

ನೆಂಟರ ಪೈಕಿ ನನ್ನ ಮಾತಿಗೆ ಬೆಲೆ ಕೊಟ್ಟವರು ಒಬ್ಬರೇ, ಭಾವ. ಅವರು ಕೊಟ್ಟ ಆ ಬೆಲೆಯನ್ನೇ ಹಿಡಿದುಕೊಂಡು ಅವರಿಗೂ ಮೋಸ ಮಾಡಿದ್ದರು.

ಅಷ್ಟರಲ್ಲಿ ಮಗ ಊಟಕ್ಕೆ ಬಂದ. ಬೇಲೂರು ರಸ್ತೆಯಲ್ಲಿ ಅವನಿಗೆ ಮೋಟಾರ್ ರೀವೈಂಡಿಂಗ್ ಅಂಗಡಿ ಇದೆ. ಅತ್ತೆಯ ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. ಕೈ ತೊಳೆದುಕೊಂಡು ಬಂದು ತಟ್ಟೆ ಮುಂದೆ ಕೂತ. ಬಡಿಸಿದೆ.

"ಒಂದು ಊಟ ಕಣವ್ವ ಅಷ್ಟೇ. ಅತ್ತೆಗೆ ಸಮಾಧಾನ ಆಯ್ತು. ಯಾರ್ಗೇನ್ ನಷ್ಟ?"

"ಅಂಗಿ ಅವ್ವಾನೇ ಕಳ್ಸಿದ್ದು ಅಂತ ಹೇಳಿದ್ದು ಯಾರು? ನೀನಾ, ಅವಳಾ?"

ಅವನು ಮುದ್ದೆ ಮುರಿದು ಸಾರಿಗೆ ಅದ್ದಿದ. "ನಾನೇ. ಅತ್ತೆ ಹೇಳಿದ್ರೆ ದೊಡ್ಡಪ್ಪ ನಂಬ್ತಿರ್ಲಿಲ್ಲ."

"ಆಸ್ಪತ್ರೇಲಿ ನಿಮ್ಮಪ್ಪನ ಮುಂದೆ ಸರಿ ಅಂತ ತಲೆ ಆಡ್ಸಿದ್ದೂ ನೀನೇ ಅಲ್ವೇನೋ?"

"ಸಾಯೋರ ಮುಂದೆ ಇಲ್ಲ ಅನ್ನಕ್ಕಾಯ್ತದಾ? ನೀನೊಳ್ಳೆ."

"ಹಂಗಾರೆ ನಾಳೆ ನನ್ನ ಮುಂದೂ ಹಂಗೇ ಆಡಿಸ್ತೀಯ."

ಅವನು ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ನನ್ನ ಮಗ ಕೆಟ್ಟವನಲ್ಲ. ಕುಡಿಯುವುದಿಲ್ಲ, ಹೆಂಡತಿಯನ್ನು ಹೊಡೆಯುವುದಿಲ್ಲ, ನನಗೆ ಬಿ.ಪಿ. ಮಾತ್ರೆ ಮರೆಯದೆ ತರುತ್ತಾನೆ. ಅಷ್ಟರಿಂದ ನಾನು ಅವನನ್ನು ಅಪ್ಪನ ಹಾಗೆ ಎಂದು ತಿಳಿದುಕೊಂಡಿದ್ದೆ. ಅವನು ಎಲ್ಲರಿಗೂ ಹೂಂ ಅನ್ನುವವನು, ಅಷ್ಟೇ. ಅಪ್ಪನಿಗೂ ಹೂಂ, ಅತ್ತೆಗೂ ಹೂಂ. ಹೂಂ ಅಂದದ್ದನ್ನೆಲ್ಲ ಒಪ್ಪಿಗೆ ಎಂದುಕೊಂಡ ದಡ್ಡಿ ನಾನು.

ತಟ್ಟೆಯಲ್ಲಿ ಕೈ ತೊಳೆಯುತ್ತ ಅವನು ಇನ್ನೊಂದು ಮಾತು ಹೇಳಿದ. "ಈಗ ಇದನ್ನ ದೊಡ್ಡದು ಮಾಡಬ್ಯಾಡ ಕಣವ್ವ. ಜನ ಈಗ ನಿನ್ನ ಮೇಲೆ ಒಳ್ಳೇ ಮಾತಾಡ್ತಾವ್ರೆ."

ಅದು ನಿಜ. ಮೂವತ್ತೈದು ವರ್ಷ ನಾನು ಅವರ ಬಾಯಲ್ಲಿ ಸೊಕ್ಕಿನವಳಾಗಿದ್ದೆ. ಭಾನುವಾರದಿಂದ ಒಳ್ಳೆಯವಳಾಗಿದ್ದೆ. ನಾನು ಸುಮ್ಮನಿದ್ದರೆ ಸಾಕು, ಹಾಗೆಯೇ ಉಳಿಯುತ್ತಿದ್ದೆ. ನಮ್ಮವರಿಗೆ ಕೊಟ್ಟ ಮಾತು ಮುರಿದವಳೂ ಆಗುತ್ತಿದ್ದೆ. ಮುಂದಿನ ವರ್ಷ ಇವರು ಇಡುವ ಎಲೆಗೂ ನನ್ನ ಒಪ್ಪಿಗೆ ಎಂದೇ ಆಗುತ್ತಿತ್ತು.

ಮನೆ ಬಿಟ್ಟು ಹೋಗು ಅನ್ನುತ್ತೇನೆ ಎಂದು ನಾದಿನಿಗೆ ಹೆದರಿಕೆ ಇತ್ತು. ಸಂಜೆ ತನ್ನ ಬಟ್ಟೆಗಳನ್ನು ತೆಗೆದು ಮಂಚದ ಮೇಲೆ ಇಟ್ಟುಕೊಂಡಳು, ನಾನು ನೋಡಲಿ ಎಂದು. ನೋಡಿದೆ. "ಒಳಗೆ ಇಡು. ನಿನ್ನ ಕರ್ಕೊಂಡು ಬಂದೋರು ಅವರು, ಕಳ್ಸಕ್ಕೆ ನಾನ್ಯಾರು. ಆದ್ರೆ ಇನ್ಮೇಲೆ ನನ್ನ ಅತ್ಗೆ ಅಂತ ಕೂಗ್ಬ್ಯಾಡ" ಅಂದೆ. ಹಾಗೆ ಅಂದದ್ದು ಹೆಚ್ಚಾಯಿತೇನೋ. ಗೊತ್ತಿಲ್ಲ. ವಾಪಸ್ ತೆಗೆದುಕೊಂಡಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮೊಮ್ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿ, ಅರಸೀಕೆರೆ ಬಸ್ಸು ಹತ್ತಿದೆ. ಅಲ್ಲಿ ಇಳಿದು ಬಾಣಾವರದ ಬಸ್ಸು ಹಿಡಿದೆ. ಭಾವ ಜಗುಲಿಯ ಮೇಲೆ ಕೂತು ತೆಂಗಿನಗರಿಯಿಂದ ಪೊರಕೆ ಕಡ್ಡಿ ಸೀಳುತ್ತಿದ್ದರು. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದರು. ನಾನು ಕೂರಲಿಲ್ಲ.

"ಭಾವ, ಭಾನುವಾರದ ಎಡೆಗೆ ನನ್ನ ಒಪ್ಪಿಗೆ ಇರ್ಲಿಲ್ಲ. ನನ್ಗೆ ಗೊತ್ತೇ ಇರ್ಲಿಲ್ಲ. ನಿಮ್ಗೆ ಸುಳ್ಳು ಹೇಳವ್ರೆ."

ಅವರು ಕತ್ತಿ ಕೆಳಗಿಟ್ಟರು. "ನಾನು ಕೇಳ್ದೆ ಕಣಮ್ಮ. ಎರಡು ಸಲ ಕೇಳ್ದೆ."

"ಗೊತ್ತು. ನಿಮ್ಮ ಮೇಲೆ ಏನೂ ಇಲ್ಲ."

"ಈಗೇನ್ ಮಾಡನ?"

"ನೀವೇನೂ ಮಾಡಬ್ಯಾಡಿ. ಅವತ್ತು ಉಂಡೋರು ಯಾರ್ಯಾರ ಮನೆಯೋರು, ಹೇಳಿ."

ಅವರು ಬೆರಳು ಮಡಿಸಿ ಹೇಳಿದರು. ಬಾಣಾವರದಲ್ಲೇ ಐದು ಮನೆ, ಅರಸೀಕೆರೆಯಲ್ಲಿ ಎರಡು. ಜೊತೆಗೆ ಬರುತ್ತೇನೆಂದು ಚಪ್ಪಲಿ ಹುಡುಕಿದರು. ಬಿಸಿಲು ಜಾಸ್ತಿ ಇದೆ, ನೀವು ಕೂತಿರಿ ಅಂದೆ. ಮೊದಲನೆಯ ಮನೆ ಎದುರುಗಡೆಯದೇ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳಲ್ಲ, ಅವಳ ಅತ್ತೆ ಬಾಗಿಲಲ್ಲಿ ನಿಂತು, "ಬಾರವ್ವ ಬಾ, ಇವತ್ತು ಬಂದ್ಯಾ" ಎಂದು ನಗುತ್ತ ಕರೆದಳು. ಹೋದೆ. ನೀರು ಕೊಟ್ಟಳು, ಕುಡಿದೆ. ಚೊಂಬು ಕೆಳಗಿಟ್ಟು, ಭಾವನಿಗೆ ಹೇಳಿದ ಮಾತನ್ನೇ ಅವಳಿಗೂ ಹೇಳಿದೆ.