ನಾನು ಕಾವಲಿದ್ದ ಕೋಣೆ

ಆಯಿಯ ಕೆನ್ನೆಗೆ ನಾನು ಬಾರಿಸಿದ್ದು ಬೆಳಗಿನ ಹತ್ತು ಗಂಟೆಗೆ, ನಿಪ್ಪಾಣಿ ದಾಟಿದ ಮೇಲೆ ಹೆದ್ದಾರಿಯ ಪಕ್ಕ ಸಿಗುವ ಒಂದು ಲಾಡ್ಜಿನ ಎರಡನೇ ಮಹಡಿಯಲ್ಲಿ. ಆಕೆ ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ನನಗೆ ಯಾವ ಕೇಡನ್ನೂ ಮಾಡಿದವಳಲ್ಲ. ಇಬ್ಬರೂ ಒಂದೇ ಗ್ರಾಮ ಪಂಚಾಯಿತಿಯ ಸದಸ್ಯರು, ಒಂದೇ ಕಡೆಯವರು. ನನ್ನ ಏಟಿಗೆ ಆಕೆಯ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಬುಗುಡಿ ನನ್ನ ಬಳೆಗೆ ಸಿಕ್ಕಿ ಕಿತ್ತುಬಂತು, ಜೊತೆಗೆ ಕಿವಿಯ ಅಂಚೂ ಸೀಳಿತು. ರಕ್ತ ಕುತ್ತಿಗೆಗಿಳಿದು ಕುಪ್ಪಸ ತೊಯ್ದರೂ ನಾನು ಬಾಗಿಲು ಬಿಟ್ಟು ಸರಿಯಲಿಲ್ಲ.

ನಮ್ಮದು ರಾಯಬಾಗದ ಕಡೆಯ ಹಳ್ಳಿ. ನಾವು ಗಾದಿ ತುಂಬುವ ಮುಸಲ್ಮಾನರು. ನನ್ನ ಗಂಡ ಅಥಣಿ, ಕಾಗವಾಡದ ಸಂತೆಗಳಿಗೆ ಗಾದಿ ಒಯ್ದು ಮಾರುತ್ತಾನೆ. ಮನೆಯಲ್ಲಿ ಕೋಲಿನಿಂದ ಅರಳೆ ಬಡಿದು, ತುಂಬಿ, ಹೊಲಿಯುತ್ತಿದ್ದವಳು ನಾನು. ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದಾಗ ಊರಿನ ಸಾಹುಕಾರನೊಬ್ಬ ಮನೆಗೆ ಬಂದ. ಚಾಪೆಯ ಮೇಲೆ ಕೂತು ನಮ್ಮ ಚಹಾ ಕುಡಿದ. “ತಂಗೀ, ನೀ ಇಲೆಕ್ಷನ್ನಿಗಿ ನಿಂದ್ರು. ಮುಂದಿಂದೆಲ್ಲಾ ನನಗ ಬಿಡು,” ಎಂದ. ನಿಂತೆ, ಗೆದ್ದೆ. ಅಂದಿನಿಂದ ಅವನನ್ನು ಅಣ್ಣಾ ಎಂದು ಕರೆಯತೊಡಗಿದೆ. ಅಂಥ ಮನುಷ್ಯ ನನ್ನನ್ನು ತಂಗಿ ಅಂದನಲ್ಲ ಎಂಬ ಹಿಗ್ಗಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅವನಿಗೆ ಪಂಚಾಯಿತಿಯ ಅಧ್ಯಕ್ಷನಾಗಬೇಕಿತ್ತು. ಅಧ್ಯಕ್ಷನನ್ನು ಆರಿಸುವವರು ಸದಸ್ಯರು. ಹನ್ನೊಂದು ಜನರಲ್ಲಿ ಅವನೂ ಸೇರಿ ಆರು ಮಂದಿ ಈ ಕಡೆ, ಐದು ಮಂದಿ ಆ ಕಡೆ. ಒಬ್ಬರು ಜಾರಿದರೂ ಕತೆ ಮುಗಿಯಿತು. ಅದಕ್ಕೇ ಚುನಾವಣೆಗೆ ನಾಲ್ಕು ದಿನ ಮೊದಲು ನಮ್ಮನ್ನೆಲ್ಲ ಜೀಪಿಗೆ ತುಂಬಿಕೊಂಡು ಲಾಡ್ಜಿಗೆ ಹೊರಟ. ನಮ್ಮ ಕಡೆ ಇದನ್ನು ಯಾರೂ ಮುಚ್ಚಿಡುವುದೂ ಇಲ್ಲ. ಮೊದಲು ಚಿಂಚಲಿಗೆ ಹೋಗಿ ದೇವಿಯ ಭಂಡಾರ, ಅಂದರೆ ಅರಿಶಿನದ ಪುಡಿ, ಒಬ್ಬೊಬ್ಬರ ಅಂಗೈಯಲ್ಲಿಟ್ಟು ಆಣೆ ಮಾಡಿಸಿದ. “ನೀ ನಿಮ್ಮ ದೇವರ ಮ್ಯಾಲೂ ಆಣಿ ಮಾಡು,” ಎಂದು ನನಗೆ ಹೇಳಿದ. ಎರಡೂ ಮಾಡಿದೆ. ಮಾಡಿಸಿದವನು ಮಾತ್ರ ಯಾವ ಆಣೆಯನ್ನೂ ಮಾಡಲಿಲ್ಲ. ನನ್ನ ಮಂದ ತಲೆಗೆ ಅದು ಆಗ ಹೊಳೆಯಲಿಲ್ಲ.

ಲಾಡ್ಜಿನಲ್ಲಿ ನನಗೊಂದು ಕೆಲಸ ಕೊಟ್ಟ. ಎಲ್ಲರ ಫೋನುಗಳನ್ನೂ ನನ್ನ ಚೀಲಕ್ಕೆ ಹಾಕಿಸಿ, “ನೀ ಗಟ್ಟಿ ಹೆಣ್ಮಗಳು. ಈ ಮುದುಕಿ ಮ್ಯಾಲ ಕಣ್ಣಿಡು. ಅಕೀದು ಭರವಸಾ ಇಲ್ಲ,” ಎಂದ. ಮುದುಕಿ ಎಂದರೆ ಆಯಿ. ಕುರಿ ಸಾಕುವ ಮನೆಯವಳು, ಊರಿಗೆಲ್ಲ ಆಯಿ. ಅವು ಕುರಿ ಈಯುವ ದಿನಗಳು. ಕುರಿ ಕೂಡುವ ದಡ್ಡಿಯಲ್ಲಿ ವಯಸ್ಸಾದ ಗಂಡನೊಬ್ಬನನ್ನೇ ಬಿಟ್ಟು ಬಂದಿದ್ದಳು. ಮೂರನೇ ದಿನ ಅವನ ಫೋನು ಬಂತು. ಎತ್ತಿದವಳು ನಾನು. “ಹೊಟ್ಟ್ಯಾಗ ಅಡ್ಡ ಬಿದ್ದಾವ್ರೀ ಮರಿ, ನನ್ನ ಒಬ್ಬನ ಕೈಲೆ ಆಗವಲ್ದು, ಅಕೀನ ಕಳಸ್ರಿ!” ಎಂದು ಮುದುಕ ಅರಚುತ್ತಿದ್ದ. ಕೋಣೆಗೆಲ್ಲ ಕೇಳಿಸುವಷ್ಟು ಜೋರಾಗಿತ್ತು.

ಆಯಿ ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು.

“ಬಿಡ ಬೇ. ನನ್ನ ಕುರಿ ಸಾಯ್ತಾವು.”

“ಅಣ್ಣಾ ಬರೂತನಕ ಎಲ್ಲೂ ಹೋಗೂದಿಲ್ಲ.”

“ಹೋಗಿ ನಾಳೆ ಬರ್ತೇನಿ. ಭಂಡಾರ ಮುಟ್ಟಿಲ್ಲೇನ ನಾ?”

ನಾನು ಅಲ್ಲಾಡಲಿಲ್ಲ. ಆಕೆ ನನ್ನ ಮುಂಗೈ ಹಿಡಿದು ಕಚ್ಚಿದಳು. ಆಗ ಹೊಡೆದೆ. ಹೊಡೆದದ್ದಷ್ಟೇ ಅಲ್ಲ, ಕಿವಿ ಹರಿದವಳ ರಟ್ಟೆಯನ್ನು ಹಿಂದಕ್ಕೆ ತಿರುವಿ ಮಂಚಕ್ಕೆ ನೂಕಿ ಹೊರಗಿನಿಂದ ಚಿಲಕ ಹಾಕಿದೆ. ಒಳಗಿನಿಂದ ಆಕೆ ಬಾಗಿಲು ಗುದ್ದಿದಳು. ಗುದ್ದಿ ಗುದ್ದಿ ಸಾಕಾಗಿ ಸುಮ್ಮನಾದಳು. ಮಧ್ಯಾಹ್ನ ಸಾಹುಕಾರ ಬಂದು ನೆಲದ ಮೇಲಿನ ರಕ್ತ ನೋಡಿ, “ಶಾಬಾಸ್ ತಂಗೀ,” ಎಂದ. ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಆ ದಿನ ಎರಡು ರೊಟ್ಟಿ ಜಾಸ್ತಿ ತಿಂದೆ.

ಚುನಾವಣೆಯ ದಿನ ಪಂಚಾಯಿತಿ ಆಫೀಸಿನ ಗೇಟಿನಲ್ಲಿ ಆ ಕಡೆಯ ಹುಡುಗರು ನಿಂತಿದ್ದರು. ಜೀಪಿನಿಂದ ನಾನೇ ಮೊದಲು ಇಳಿದೆ, ಗಟ್ಟಿ ಹೆಣ್ಮಗಳಲ್ಲವೇ. ಇಬ್ಬರು ನನ್ನ ಎಡಗೈ ಹಿಡಿದು ತಮ್ಮ ಗಾಡಿಯತ್ತ ಎಳೆದರು. ನಮ್ಮವರು ಬಲಗೈ ಹಿಡಿದು ಇತ್ತ ಎಳೆದರು. ಕೈ ಬಿಡ್ರೋ ಎಂದು ಕೂಗಿದರೆ ಯಾರೂ ಬಿಡಲಿಲ್ಲ. ನನ್ನ ಕಡೆಯವರೇ ಹೆಚ್ಚು ಜೋರಾಗಿ ಜಗ್ಗುತ್ತಿದ್ದರು. ಅವರಲ್ಲೊಬ್ಬ ನನ್ನ ಸೊಂಟಕ್ಕೆ ಕಾಲು ಕೊಟ್ಟು ಜಗ್ಗಿದ. ಹಸಿ ಕಬ್ಬು ಮುರಿದಂಥ ಸಪ್ಪಳವಾಗಿ ಬಲಭುಜದ ಕೀಲು ಕಳಚಿತು. ಕಣ್ಣು ಕತ್ತಲೆ ಬಂತು. ತಿಳಿವು ಬಂದಾಗ ಒಳಗೆ ಕುರ್ಚಿಯ ಮೇಲಿದ್ದೆ. ಕೈ ಮೊಣಕಾಲ ಪಕ್ಕಕ್ಕೆ ಜೋತುಬಿದ್ದಿತ್ತು. ಸಾಹುಕಾರ ಬಗ್ಗಿ ಕಿವಿಯಲ್ಲಿ, “ಆಣಿ ಮಾಡೀದಿ, ನೆನಪೈತಲ್ಲ?” ಎಂದ. ಎಡಗೈಯಲ್ಲಿ ಗುರುತು ಹಾಕಿದೆ. ಒಂದು ಮತದಿಂದ ಅವನು ಗೆದ್ದ.

ಹಲಗೆ ಬಾರಿಸತೊಡಗಿದರು, ಗುಲಾಲು ಎರಚಾಡಿದರು. ನನ್ನ ಚೀಲದಿಂದ ಫೋನುಗಳನ್ನು ತೆಗೆದುಕೊಂಡು ಒಬ್ಬೊಬ್ಬರೇ ಮೆರವಣಿಗೆಗೆ ಹೋದರು. ನಾನು ಮೆಟ್ಟಿಲ ಮೇಲೆ ಕೂತು, “ಅಣ್ಣಾರ, ದವಾಖಾನಿಗಿ ಕರಕೊಂಡ ಹೋಗ್ರೀ,” ಎಂದು ಕೂಗಿದೆ. ಅವನು ತಿರುಗಿ ನೋಡಿದ, ಇಲ್ಲವೆನ್ನಲಾರೆ. “ಯಾರರ ಒಂದ ಆಟೋ ಕರಸ್ರಪಾ ಅಕಿಗಿ,” ಎಂದು ಗಾಳಿಗೆ ಹೇಳಿ ತೆರೆದ ಜೀಪು ಹತ್ತಿದ. ನನ್ನನ್ನು ಲಾಡ್ಜಿಗೆ ಹೊತ್ತೊಯ್ದು ತಂದ ಜೀಪು ಅದೇ. ಯಾವ ಆಟೋ ಬರಲಿಲ್ಲ. ಗಂಡ ಅಥಣಿ ಸಂತೆಯಲ್ಲಿದ್ದ.

ಉಳಿದವಳು ಆಯಿ. ಫೋನು ಕೈಗೆ ಬಂದ ಕೂಡಲೇ ಆಕೆ ತನ್ನ ಅಳಿಯನಿಗೆ ಬೈಕು ತರಲು ಹೇಳಿದಳು. ಮನೆಗೆ ಹೋಗಲಿಕ್ಕಿರಬೇಕು ಎಂದುಕೊಂಡೆ. ಬೈಕು ಬಂದಾಗ ನನ್ನನ್ನು ನಡುವೆ ಕೂಡಿಸಿ, ಜೋತುಬಿದ್ದ ಕೈಯನ್ನು ತನ್ನ ಎದೆಗೊತ್ತಿಕೊಂಡು ಹಿಂದೆ ಕೂತಳು. ರಾಯಬಾಗದ ದವಾಖಾನೆಯವರೆಗೆ ಪ್ರತಿ ಗುಂಡಿಗೂ ನಾನು ಚೀರಿದೆ. ಡಾಕ್ಟರು ಕೈ ಎಳೆದು ಕೂರಿಸುವಾಗ ನನ್ನನ್ನು ಅಮುಕಿ ಹಿಡಿದವಳೂ ಆಕೆಯೇ. ಹೊರಗೆ ಬಂದ ಮೇಲೆ, “ಮೂರ ಮರಿ, ಒಂದ ತಾಯಿ. ನಾಕು ಹೋದ್ವು,” ಎಂದಷ್ಟೇ ಹೇಳಿದಳು.

ಕೀಲು ಕೂತಿತು, ಆದರೆ ಬಲಗೈ ಭುಜದಿಂದ ಮೇಲೇಳಲಿಲ್ಲ. ಕೋಲೆತ್ತಿ ಅರಳೆ ಬಡಿಯುವುದು ಅಲ್ಲಿಗೆ ನಿಂತಿತು. ಹೊಲಿಯಬಲ್ಲೆ, ಅದೂ ಹಲ್ಲು ಕಚ್ಚಿ, ತಾಸಿಗೊಮ್ಮೆ ನಿಲ್ಲಿಸಿ. ಕುಳಿತು ಮಾಡುವ ಒಂದು ಕೆಲಸ ಅಂಗನವಾಡಿಯಲ್ಲಾದರೂ ಕೊಡಿಸಲಿ ಎಂದು ಅಧ್ಯಕ್ಷನ ಮನೆಗೆ ಹೋದೆ. “ಯಾರು?” ಎಂದು ಅವನು ಒಳಗಿನಿಂದ ಕೇಳಿದ್ದು, “ಆ ಗಾದಿಯಾಕಿ,” ಎಂದು ಸೊಸೆ ಹೇಳಿದ್ದು ನನಗೆ ಕೇಳಿಸಿತು. ಹೊರಗೆ ಬಂದು, “ಕೆಲಸಾ ಇದ್ರ ಆಫೀಸಿಗಿ ಬಾ. ಮನೀತನಕ ಬರಬ್ಯಾಡ,” ಎಂದ. ತಂಗಿ ಎಂಬ ಮಾತು ಬರಲಿಲ್ಲ. ಆಫೀಸಿಗೆ ಹೋದರೆ ಅವನಿರುತ್ತಿರಲಿಲ್ಲ.

ಒಂದೂವರೆ ವರ್ಷ ಕಳೆದ ಮೇಲೆ ಆ ಕಡೆಯವರು ಸಹಿ ಕೂಡಿಸಿ ಚಿಕ್ಕೋಡಿಯ ಎಸಿ ಸಾಹೇಬರ ಆಫೀಸಿಗೆ ಅವಿಶ್ವಾಸದ ಅರ್ಜಿ ಕೊಟ್ಟರು. ಮರುದಿನ ಮಧ್ಯಾಹ್ನವೇ ಜೀಪು ನಮ್ಮ ಬಾಗಿಲಿಗೆ ಬಂತು. ನಾನೂ ಗಂಡನೂ ಒಂದು ಮದುವೆಯ ಗಾದಿ ತುಂಬುತ್ತಿದ್ದೆವು. ಸಾಹುಕಾರ ಒಳಗೆ ಬಂದು ಚಾಪೆಯ ಮೇಲೆ ಕೂತ.

“ತಂಗೀ, ಕೈ ಹೆಂಗೈತಿ?” ಎಂದ. ಉತ್ತರಕ್ಕೆ ಕಾಯದೆ, “ಆ ಮುದುಕಿ ಅವರ ಕಡೆ ಸಹಿ ಮಾಡ್ಯಾಳ. ನೀ ಕರದ್ರ ಬರ್ತಾಳ, ದವಾಖಾನಿ ಋಣಾನೂ ಐತಿ ನಿಮ್ಮಿಬ್ಬರ ನಡುವ. ನಾಕ ದಿನ ಅಕೀನ ಲಾಡ್ಜಿನ್ಯಾಗ ಹಿಡದಿಟ್ಟ ಬಿಡು. ಹೋದಸಲ ಹೆಂಗ ಹಿಡದಿಟ್ಟಿದ್ದಿ ಹಂಗ,” ಎಂದು ನಕ್ಕ.

ಅರಳೆಯ ಕೋಲು ಎಡಗೈಗೆ ಸಿಕ್ಕಿತು. ಮೊದಲನೇ ಏಟು ಬಾಯಿಗೆ ಬಿತ್ತು, ಎರಡು ಹಲ್ಲು ಚಾಪೆಯ ಮೇಲೆ ಉದುರಿದವು. ಎರಡನೆಯದು ಹೆಗಲಿಗೆ. ಮೂರನೆಯದನ್ನೂ ಅಲ್ಲಿಗೇ ಕೊಟ್ಟೆ, ನೋಡಿಯೇ ಕೊಟ್ಟೆ. ಅವನು ಅರಳೆಯ ರಾಶಿಗೆ ಮುಗ್ಗರಿಸಿದ. ಬಿಳಿ ಅರಳೆಯೆಲ್ಲ ಕೆಂಪಾಯಿತು. ಹೊರಗಿದ್ದ ಅವನ ಇಬ್ಬರು ನುಗ್ಗಿ ನನ್ನ ಗಂಡನನ್ನು ಕೆಡವಿ ಪಕ್ಕೆಗೆ ಒದ್ದರು. ನನ್ನ ಜುಟ್ಟು ಹಿಡಿದು ಗೋಡೆಗೆ ಬಡಿದರು. ಹೋಗುವಾಗ ಗಾದಿಯನ್ನು ಕುಡುಗೋಲಿನಿಂದ ಸೀಳಿ ಹೋದರು. ಗಂಡನ ಎರಡು ಪಕ್ಕೆಲುಬು ಮುರಿದಿದ್ದವು. ಪೊಲೀಸರ ಹತ್ತಿರ ಮಾತ್ರ ಸಾಹುಕಾರ ಹೋಗಲಿಲ್ಲ. ಗಾದಿಯವಳ ಕೈಯಲ್ಲಿ ಏಟು ತಿಂದೆ ಎಂದು ಬರೆಸಲು ಮೀಸೆ ಅಡ್ಡ ಬಂದಿರಬೇಕು. ಅವಿಶ್ವಾಸದಲ್ಲಿ ಅವನ ಕುರ್ಚಿಯೂ ಹೋಯಿತು.

ಗಂಡ ಎದ್ದು ಓಡಾಡುವಂತಾದ ಮೇಲೆ ಒಂದು ಸಂಜೆ ಆಯಿಯ ದಡ್ಡಿಗೆ ಹೋದೆ. ಆಕೆ ಮರಿಯೊಂದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ನನ್ನ ಎದೆ ಉಬ್ಬಿತ್ತು. ಆಕೆ ನನ್ನ ತಲೆ ಸವರುತ್ತಾಳೆಂದೇ ತಿಳಿದಿದ್ದೆ.

“ಆಯಿ, ನಿನ್ನ ಸಲುವಾಗಿ ಅವನ ಹಲ್ಲ ಉದುರಿಸೇನಿ,” ಎಂದೆ.

ಆಕೆ ಬಾಟಲಿಯಿಂದ ಕಣ್ಣೆತ್ತಲಿಲ್ಲ.

“ನನ್ನ ಸಲುವಾಗಿ? ಅವತ್ತ ದವಾಖಾನಿಗಿ ಒಯ್ದ್ನಿ, ನಿನ್ನ ಕೈ ಕೂಡ್ತು. ಆಮ್ಯಾಲ ಒಂದೂವರಿ ವರ್ಷದಾಗ ಒಮ್ಮೆರ ಈ ಕಡೆ ಹಣಿಕಿ ಹಾಕೀಯೇನ? ಸತ್ತೇನೋ ಬದಕೇನೋ ಕೇಳೀಯೇನ? ಇವತ್ತ ಬಂದಿ, ನನ್ನ ಕಡಿಂದ ಶಾಬಾಸ್ ಅನಿಸ್ಕೋಬೇಕಂತ.” ಮರಿಯ ಬಾಯಿ ಒರೆಸಿದಳು. “ಅವ ಜೀಪಿನ್ಯಾಗ ಬರ್ತಾನ, ನೀ ನಡಕೊಂತ ಬಂದಿ. ಅಷ್ಟ ಫರಕ.”

ತಪ್ಪಾಯಿತು ಎನ್ನಬೇಕಿತ್ತು. ಆ ಒಂದು ಮಾತನ್ನು ನಾನು ಅಷ್ಟು ದಿನ ಆಡಿರಲಿಲ್ಲ, ಆಗಲೂ ಆಡಲಿಲ್ಲ. ಆಯಿ ಮರಿಯನ್ನು ಒಳಗೆ ಬಿಟ್ಟು ದಡ್ಡಿಯ ಬಾಗಿಲು ಹಾಕಿಕೊಂಡಳು.